ತೋಟದ ಹಿಸ್ಸೆ ಜಗಳಕ್ಕೆ ತಾಲ್ಲೂಕು ಕೋರ್ಟಿನ ಮಧ್ಯಸ್ಥಿಕೆ ಸೇವೆ: ಹೋಗಿ ಬಂದವಳ ರಿವ್ಯೂ

ಮನೆಯಲ್ಲಿ ಹಿರಿಯರು ತೀರಿಕೊಂಡ ಮೇಲೆ ತೋಟ, ಗದ್ದೆ, ಮನೆ ಹಿಸ್ಸೆಗೆ ಜಗಳ ಶುರುವಾಗಿದ್ದರೆ, ವಕೀಲರ ನೋಟಿಸು ಕಳಿಸುವ ಮೊದಲು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ ಕೊಡಿ. ಇದನ್ನು ಹೇಳಲಿಕ್ಕೇ ಬರೆಯುತ್ತಿದ್ದೇನೆ. ಹೋಟೆಲ್ಲು, ಮಿಕ್ಸಿ, ಮೊಬೈಲಿಗೆ ಸಾವಿರ ಜನ ರಿವ್ಯೂ ಬರೆಯುತ್ತಾರೆ. ಒಂದು ಮನೆಯ ಅಣ್ಣ ತಂಗಿ ಮಾತು ಬಿಡುವುದನ್ನು ತಪ್ಪಿಸಬಲ್ಲ ಈ ಸೇವೆಯ ಬಗ್ಗೆ ಕನ್ನಡದಲ್ಲಿ ಹುಡುಕಿದರೆ ಕಾರ್ಯಕ್ರಮ ಉದ್ಘಾಟನೆಯ ಸುದ್ದಿ ಬಿಟ್ಟು ನನಗೆ ಬೇರೇನೂ ಸಿಗಲಿಲ್ಲ. ನಮ್ಮ ತೋಟ ಶಿರಸಿ ಸೀಮೆಯ ಕಡೆ, ಘಟ್ಟದ ಮೇಲೆ. ನಾನು ಇರುವುದು ಕುಮಟಾದಲ್ಲಿ. ಯಾವ ತಾಲ್ಲೂಕಿನ ಕೋರ್ಟಿಗೆ ಹೋದೆವು ಅಂತ ಬರೆಯುವುದಿಲ್ಲ, ಮನೆಯವರೆಲ್ಲರ ವಿಷಯ ಇದು.

ಮೊದಲು ಸೇವೆ ಏನು ಅಂತ ಹೇಳಿಬಿಡುತ್ತೇನೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ತಾಲ್ಲೂಕಿಗೊಂದು, ಇಲ್ಲವೇ ಕೆಲವು ತಾಲ್ಲೂಕು ಸೇರಿ ಒಂದು ಸಮಿತಿ ಇರುತ್ತದೆ, ಅಲ್ಲಿಯ ಹಿರಿಯ ನ್ಯಾಯಾಧೀಶರೇ ಅದಕ್ಕೆ ಅಧ್ಯಕ್ಷರು. ಕಚೇರಿ ಕೋರ್ಟ್ ಆವರಣದಲ್ಲೇ ಇರುತ್ತದೆ. ಕೇಸ್ ಹಾಕಿದ ಮೇಲೆ ಮಾತ್ರ ಅಲ್ಲಿಗೆ ಹೋಗಬೇಕು ಅಂತ ಜಾಸ್ತಿ ಜನ ತಿಳಿದಿದ್ದಾರೆ. ಹಾಗೇನಿಲ್ಲ. ಕೇಸ್ ಹಾಕುವ ಮೊದಲೂ ಹೋಗಬಹುದು. ಒಂದು ಬಿಳಿ ಹಾಳೆಯಲ್ಲಿ ಯಾರ ಜೊತೆ ಏನು ತಕರಾರು, ಯಾವ ಸರ್ವೆ ನಂಬರ್, ಯಾರ್‍ಯಾರು ವಾರಸುದಾರರು ಅಂತ ಬರೆದುಕೊಟ್ಟರೆ ಅವರೇ ಎಲ್ಲರಿಗೂ ಪತ್ರ ಕಳಿಸಿ ಕರೆಸಿ, ಒಬ್ಬ ಮಧ್ಯಸ್ಥಿಕೆಗಾರರ ಮುಂದೆ ಕೂರಿಸಿ ಮಾತುಕತೆ ಮಾಡಿಸುತ್ತಾರೆ. ದುಡ್ಡಿಲ್ಲ. ಹೆಂಗಸರಿಗಾದರೆ ವರಮಾನ ಎಷ್ಟೇ ಇರಲಿ, ಉಚಿತ ವಕೀಲರನ್ನು ಕೊಡಬೇಕು ಅಂತ ಆ ಕಾಯ್ದೆಯ 12ನೇ ಕಲಂನಲ್ಲೇ ಇದೆ. ನನಗೆ ಇದು ಗೊತ್ತಾದದ್ದು ಅಲ್ಲಿಗೆ ಹೋದ ಮೇಲೆ. ನಮ್ಮ ಕಡೆಯ ಎಷ್ಟು ಹೆಣ್ಣುಮಕ್ಕಳು "ವಕೀಲರಿಗೆ ಕೊಡಲಿಕ್ಕೆ ನನ್ನ ಹತ್ತಿರ ಎಲ್ಲಿದೆ" ಅಂತ ಸುಮ್ಮನಾಗಿದ್ದಾರೋ ಏನೋ.

ಈಗ ನಮ್ಮ ತಕರಾರು. ಅಪ್ಪಯ್ಯ ಮೃತ್ಯುಪತ್ರ ಬರೆದಿರಲಿಲ್ಲ. ಉಳಿದವರು ಆಯಿ (ನಮ್ಮ ಅಮ್ಮ), ತೋಟ ನೋಡಿಕೊಂಡು ಮನೆಯಲ್ಲೇ ಇರುವ ಅಣ್ಣ, ನಾನು, ಬೆಂಗಳೂರಲ್ಲಿ ಕೆಲಸದಲ್ಲಿರುವ ತಮ್ಮ. ಅಪ್ಪಯ್ಯನೇ ದುಡಿದು ತೆಗೆದುಕೊಂಡ ರಸ್ತೆ ಬದಿಯ ಹಕ್ಕಲು (ಒಣ ಜಾಗ) ಒಂದು ಇದೆ. ಅದರ ಲೆಕ್ಕ ಸುಲಭ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಆಯಿಗೂ ನಮ್ಮ ಮೂವರಿಗೂ ಸಮ ಪಾಲು, ನಾಲ್ಕರಲ್ಲಿ ಒಂದು. ಕಷ್ಟ ಇದ್ದದ್ದು ತೋಟದಲ್ಲಿ. ಪಹಣಿ ತೆಗೆಸಿದರೆ ಅದು ಇನ್ನೂ ಅಜ್ಜನ ಹೆಸರಲ್ಲೇ ಇದೆ! ಅಜ್ಜ ಹೋಗಿದ್ದು 1990ರ ದಶಕದಲ್ಲಿ. ಅಪ್ಪಯ್ಯ ಒಬ್ಬನೇ ಮಗ, ಹಾಗಾಗಿ ತೋಟ ಅವನದೇ ಅಂತ ಊರೆಲ್ಲ ನಂಬಿತ್ತು, ಅವನೂ ನಂಬಿದ್ದ, ತೆರಿಗೆ ಕಟ್ಟಿಕೊಂಡು ಅಡಿಕೆ ಕೊಯ್ದುಕೊಂಡು ಇದ್ದುಬಿಟ್ಟ. ಆದರೆ ಅಜ್ಜನಿಗೆ ಇಬ್ಬರು ಹೆಣ್ಣುಮಕ್ಕಳು. ಒಬ್ಬ ಅತ್ತೆ ಇದ್ದಾರೆ, ಇನ್ನೊಬ್ಬ ಅತ್ತೆ ತೀರಿಕೊಂಡು ಬಹಳ ಕಾಲವಾಯಿತು, ಅವರ ಮಕ್ಕಳು ಹೊನ್ನಾವರದಲ್ಲಿದ್ದಾರೆ. ಅವರೆಲ್ಲರಿಗೂ ಅದರಲ್ಲಿ ಹಕ್ಕಿದೆ.

ಅಣ್ಣ ಅರ್ಜಿ ಹಾಕಲಿಕ್ಕೆ ಹೊರಟಿದ್ದು ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಹೆಸರಲ್ಲಿರುವ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಲಿಕ್ಕೆ. ಅದಕ್ಕೆ ಬರೆಸಿದ ವಂಶವೃಕ್ಷದ ಕರಡಿನಲ್ಲಿ ಅತ್ತೆಯರ ಹೆಸರೇ ಇರಲಿಲ್ಲ. ನನ್ನ ಹೆಸರು ಇತ್ತು, ಜೊತೆಗೆ "ನನಗೆ ತಕರಾರಿಲ್ಲ, ಅಣ್ಣನ ಹೆಸರಿಗೆ ಮಾಡಬಹುದು" ಅಂತ ಒಂದು ಒಪ್ಪಿಗೆ ಪತ್ರ ಸಹಿಗೆ ಬಂತು. ಅಣ್ಣ ಮೋಸ ಮಾಡಲಿಕ್ಕೆ ಹೊರಟವನಲ್ಲ, ಇದನ್ನು ನಾನು ಪ್ರಮಾಣ ಮಾಡಿ ಹೇಳುತ್ತೇನೆ. ಕಾಗದ ಬರೆದುಕೊಡುವವರೊಬ್ಬರು "ಹೆಣ್ಣುಮಕ್ಕಳ ಹೆಸರು ಹಾಕಿದರೆ ಕೆಲಸ ಉದ್ದವಾಗುತ್ತದೆ" ಅಂದಿದ್ದರು, ಇವನು ಹೂಂ ಅಂದಿದ್ದ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇದೇ ನಡೆಯುವುದು, ಅಲ್ವಾ? ಹೆಣ್ಣುಮಕ್ಕಳ ಹೆಸರು ಬಿಟ್ಟ ವಂಶವೃಕ್ಷ ಅಂದರೆ ಸುಳ್ಳು ದಾಖಲೆ. ಅದರ ಮೇಲೆ ಖಾತೆ ಆದರೂ ಬಿಟ್ಟುಹೋದವರ ಹಕ್ಕು ಹೋಗುವುದಿಲ್ಲ. ಖಾತೆ ಇರುವುದು ಸರ್ಕಾರ ತೆರಿಗೆ ತೆಗೆದುಕೊಳ್ಳಲಿಕ್ಕೆ, ಮಾಲಿಕತ್ವವನ್ನು ಅದು ಹುಟ್ಟಿಸುವುದಿಲ್ಲ ಅಂತ ಕೋರ್ಟುಗಳು ಎಷ್ಟೋ ಸಲ ಹೇಳಿವೆ. ಹತ್ತು ವರ್ಷ ಬಿಟ್ಟು ಅತ್ತೆಯ ಮೊಮ್ಮಗ ಬಂದು ಕೇಸ್ ಹಾಕಿದರೆ ಆ ಪಹಣಿ ನಿಲ್ಲುವುದು ಕಷ್ಟ.

ನಾನು ಸಹಿ ಹಾಕಲಿಲ್ಲ. ಅಲ್ಲಿಂದ ಮಾತು ಕೆಟ್ಟಿತು. "ಮದುವೆ ಮಾಡಿ ಕೊಟ್ಟಾಯ್ತಲ್ಲ, ನಿಂಗೆ ಎಂತಕ್ಕೆ" ಅಂತ ಸಂಬಂಧಿಕರಿಂದ ಶುರುವಾಗಿ, ತಮ್ಮ ಫೋನಲ್ಲಿ ಅಣ್ಣನಿಗೆ "ಮಾರಿ ದುಡ್ಡು ಕೊಡು" ಅಂದಲ್ಲಿಗೆ ಬಂದು ನಿಂತಿತು. ಆಯಿ ಊಟ ಬಿಟ್ಟಳು. ಆ ಹೊತ್ತಿಗೆ ನನ್ನ ಗೆಳತಿ, ಅವಳು ಅಂಗನವಾಡಿ ಶಿಕ್ಷಕಿ, ಕಾನೂನು ಸೇವಾ ಸಮಿತಿಯವರು ಊರಲ್ಲಿ ಮಾಡಿದ ಕಾರ್ಯಕ್ರಮದ ಒಂದು ಕರಪತ್ರ ಕೊಟ್ಟಳು. ನಾನೇ ಅರ್ಜಿ ಕೊಟ್ಟೆ.

ಕರೆಸಿದ ದಿನ ಕೋರ್ಟ್ ಹಾಲಿನಲ್ಲಿ ನಿಲ್ಲಿಸುತ್ತಾರೆ ಅಂತ ಆಯಿ ಹೆದರಿದ್ದಳು. ಹಾಗಲ್ಲ ಅದು. ಒಂದು ರೂಮು, ಒಂದು ಮೇಜು, ಸುತ್ತ ಕುರ್ಚಿ. ಕಟಕಟೆ ಇಲ್ಲ. ಮಧ್ಯಸ್ಥಿಕೆಗಾರರಾಗಿ ಬಂದವರು ತರಬೇತಿ ಪಡೆದ ಒಬ್ಬ ಹಿರಿಯ ವಕೀಲೆ. ಎಲ್ಲರೂ ಮೇಡಂ ಅಂತಲೇ ಕರೆದೆವು. ಮೊದಲೇ ಮೂರು ಮಾತು ಹೇಳಿದರು: ತೀರ್ಪು ಕೊಡುವುದು ತನ್ನ ಕೆಲಸ ಅಲ್ಲ, ಒಪ್ಪಿಗೆ ಆಗದಿದ್ದರೆ ಎದ್ದು ಹೋಗಲಿಕ್ಕೆ ಎಲ್ಲರಿಗೂ ಸ್ವಾತಂತ್ರ್ಯ ಇದೆ, ಇಲ್ಲಿ ಆಡಿದ ಮಾತನ್ನು ನಾಳೆ ಕೋರ್ಟಿನಲ್ಲಿ ಸಾಕ್ಷಿ ಅಂತ ಬಳಸುವಂತಿಲ್ಲ. ಆ ಮೂರನೆಯದು ಬಹಳ ಮುಖ್ಯ. ಅದನ್ನು ಕೇಳಿದ ಮೇಲೇ ಅಣ್ಣ ಬಾಯಿ ಬಿಟ್ಟಿದ್ದು.

ಕಾನೂನು ಏನು ಹೇಳುತ್ತದೆ ಅನ್ನುವುದನ್ನು ಅವರು ಮುಚ್ಚಿಡಲಿಲ್ಲ. ಸಮಿತಿಯಿಂದ ನನಗೆ ಉಚಿತವಾಗಿ ಕೊಟ್ಟ ಪ್ಯಾನೆಲ್ ವಕೀಲರು, ಅಣ್ಣ ಕರೆತಂದ ವಕೀಲರು, ಇಬ್ಬರನ್ನೂ ಕೂರಿಸಿ ಬಿಡಿಸಿ ಹೇಳಿಸಿದರು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹುಟ್ಟಿನಿಂದಲೇ ಹಕ್ಕು ಅಂತ ಕರ್ನಾಟಕ 1994ರಲ್ಲೇ ತಿದ್ದುಪಡಿ ಮಾಡಿತ್ತು, ಆದರೆ ಅದಕ್ಕೂ ಮೊದಲು ಮದುವೆಯಾದವರನ್ನು ಬಿಟ್ಟಿತ್ತು. ದೇಶಕ್ಕೆಲ್ಲ ಆ ಹಕ್ಕು ಬಂದದ್ದು 2005ರ ಸೆಪ್ಟೆಂಬರ್ 9ರಿಂದ, ಮದುವೆಯಾದ ಮಗಳು ಆಗದ ಮಗಳು ಅನ್ನುವ ಭೇದ ಅದರಲ್ಲಿಲ್ಲ. ಅಪ್ಪ ಆ ದಿನ ಬದುಕಿರಬೇಕಿತ್ತೇ ಅನ್ನುವ ಜಗಳವನ್ನು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮುಗಿಸಿತು: ಅಪ್ಪ ಬದುಕಿರಬೇಕಾಗಿಲ್ಲ, ಆ ದಿನ ಮಗಳು ಇದ್ದರೆ ಸಾಕು. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಣಿಯಾಗಿ ಅಥವಾ ಕೋರ್ಟ್ ಡಿಕ್ರಿಯಿಂದ ಹಿಸ್ಸೆ ಆಗಿದ್ದರೆ ಮಾತ್ರ ಅದನ್ನು ಮುಟ್ಟುವಂತಿಲ್ಲ. ಬಾಯಿಮಾತಿನ ಹಿಸ್ಸೆ ಅಂತ ಸುಮ್ನೆ ಹೇಳಿದರೆ ನಡೆಯುವುದಿಲ್ಲ, ಅದಕ್ಕೆ ಗಟ್ಟಿ ಸರ್ಕಾರಿ ದಾಖಲೆ ಬೇಕು. ಅಂದರೆ ನಮ್ಮ ಅತ್ತೆಗೆ ಅಜ್ಜನ ತೋಟದಲ್ಲಿ ದೊಡ್ಡ ಪಾಲೇ ಉಂಟು. ತೀರಿಕೊಂಡ ಅತ್ತೆಯ ಮಕ್ಕಳಿಗೂ ಉಂಟು. ಇದನ್ನು ಕೇಳಿ ಅಣ್ಣನ ಮುಖ ಬಿಳಿಚಿಕೊಂಡಿತು. ನನ್ನೊಬ್ಬಳ ಹಟ ಅಂತ ಅವನು ತಿಳಿದಿದ್ದು ಅಷ್ಟೇ ಆಗಿರಲಿಲ್ಲ.

ಆಮೇಲೆ ಒಬ್ಬೊಬ್ಬರನ್ನೇ ಪ್ರತ್ಯೇಕ ಕೂರಿಸಿ ಮಾತಾಡಿದರು. ಈ ಸೇವೆಯಲ್ಲಿ ನನಗೆ ಅತಿ ಹೆಚ್ಚು ಬೆಲೆ ಅನಿಸಿದ್ದು ಇದು. ನನ್ನನ್ನು ಕೇಳಿದ ಪ್ರಶ್ನೆ, "ನಿನ್ನ ಪಾಲು ಎಷ್ಟು ಅಂತ ಕಾನೂನು ಹೇಳಿಯಾಯ್ತು. ನಿನಗೆ ಬೇಕಾಗಿದ್ದು ಏನು ಅಂತ ನೀನು ಹೇಳು." ನಾನು ಯೋಚಿಸಿ ಹೇಳಿದೆ: ನನ್ನ ಹೆಸರು ದಾಖಲೆಯಲ್ಲಿ ಇರಬೇಕು, ಸ್ವಲ್ಪವಾದರೂ ನೆಲ ನನ್ನದು ಅಂತ ಬೇಕು, ಆಯಿ ಯಾರ ಮರ್ಜಿಗೂ ಕಾಯದೆ ಆ ಮನೆಯಲ್ಲಿ ಇರಬೇಕು. ತೋಟದ ನಡುವೆ ಬೇಲಿ ಹಾಕಿ ಅಡಿಕೆ ಮರ ಎಣಿಸಿಕೊಳ್ಳಲಿಕ್ಕೆ ನನಗೆ ಇಷ್ಟ ಇಲ್ಲ. ಇದನ್ನು ಮನೆಯ ಜಗಲಿಯಲ್ಲಿ ನನ್ನನ್ನು ಯಾರೂ ಕೇಳಿರಲಿಲ್ಲ.

ಅಣ್ಣ ಒಳಗೆ ಹೋಗಿ ಬಹಳ ಹೊತ್ತು ಇದ್ದ. ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು. ಅವನ ಒಪ್ಪಿಗೆ ತೆಗೆದುಕೊಂಡು ಮೇಡಂ ನಮಗೆ ಹೇಳಿದ್ದು ಇಷ್ಟು: ಅವನಿಗೆ ಪಾಲು ಕಡಿಮೆ ಆಗುತ್ತದೆ ಅನ್ನುವ ಸಿಟ್ಟಿಗಿಂತ, ಇಷ್ಟು ವರ್ಷ ತಾನು ಮಾಡಿದ್ದು ಯಾರ ಲೆಕ್ಕಕ್ಕೂ ಬರುತ್ತಿಲ್ಲ ಅನ್ನುವ ನೋವು. ಅದು ಹೌದು. ಕೊಳೆರೋಗ ಬಂದ ವರ್ಷ ಮಳೆಯ ನಡುವೆ ಮತ್ತೆ ಮತ್ತೆ ಬೋರ್ಡೋ ಔಷಧಿ ಹೊಡೆಸಿದವನು ಅವನು. ಎಲೆಚುಕ್ಕಿ ರೋಗ ಬಂದು ಮರ ಒಣಗಿದಾಗ ಸಸಿ ಹಾಕಿ ಎಬ್ಬಿಸಿದವನು ಅವನು. ಅಡಿಕೆ ಕೊನೆ ಕೊಯ್ಯುವವರು ಸಿಗದೆ ದಿನಗಟ್ಟಲೆ ಫೋನ್ ಹಿಡಿದು ಕೂತವನು, ಅಪ್ಪಯ್ಯನನ್ನು ಆಸ್ಪತ್ರೆಗೆ ಹೊತ್ತವನು, ಅತ್ತಿಗೆಯೂ ಅಷ್ಟೇ ದುಡಿದವಳು. ಕಾನೂನಿನ ಸಮ ಪಾಲಿನಲ್ಲಿ ಇದಕ್ಕೆ ಜಾಗ ಬಹಳ ಕಡಿಮೆ. ಕೋರ್ಟಿಗೆ ಹೋಗಿದ್ದರೆ ನಮ್ಮ ವಕೀಲರು ಅವನ ಬಗ್ಗೆ "ಇಷ್ಟು ವರ್ಷ ಒಬ್ಬನೇ ಉತ್ಪನ್ನ ತಿಂದಿದ್ದಾನೆ, ಲೆಕ್ಕ ಕೊಡಿಸಿ" ಅಂತ ಬರೆಯುತ್ತಿದ್ದರು. ದಾವೆಗಳಲ್ಲಿ ಹಾಗೆ ಕೇಳುವುದು ರೂಢಿ. ಅಣ್ಣ ಅದನ್ನು ಓದಿದ್ದರೆ ಜನ್ಮದಲ್ಲಿ ನನ್ನ ಹತ್ತಿರ ಮಾತಾಡುತ್ತಿರಲಿಲ್ಲ. ಇಲ್ಲಿ ಅದೇ ವಿಷಯ ಬೇರೆ ದಾರಿಯಲ್ಲಿ ಬಂತು. ಅವನು ಹಾಕಿದ ಹೊಸ ಸಸಿಯ ಭಾಗ, ಪಂಪ್‌ಸೆಟ್ಟು, ಸೊಸೈಟಿ ಸಾಲದಲ್ಲಿ ಅವನು ತೀರಿಸಿದ ಕಂತು, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು, ನಾವು ಓದಿ, ಹೌದು ಅಂದೆವು. ಅದರ ಬೆಲೆ ಹಿಡಿದು ಪಾಲಿನಲ್ಲಿ ಹೊಂದಿಸಿದೆವು.

ತಮ್ಮ ವಿಡಿಯೋ ಕರೆಯಲ್ಲಿ ಬಂದ. ಅವನಿಗೆ ಬೆಂಗಳೂರಲ್ಲಿ ಮನೆ ಸಾಲ ಇದೆ, ದುಡ್ಡು ಬೇಕು. ಹೊರಗಿನವರೊಬ್ಬರು ಒಳ್ಳೆ ರೇಟು ಹೇಳಿದ್ದರಂತೆ. ಅಲ್ಲಿ ನಮಗೆ ಗೊತ್ತಾದ ಇನ್ನೊಂದು ಸಂಗತಿ: ವಾರಸಾಗಿ ಬಂದ ಆಸ್ತಿಯಲ್ಲಿ ಒಬ್ಬ ತನ್ನ ಪಾಲು ಮಾರುವುದಾದರೆ ಜೊತೆಯ ವಾರಸುದಾರರಿಗೆ ಮೊದಲು ಕೊಳ್ಳುವ ಹಕ್ಕು ಇದೆ, ಹಿಂದೂ ಉತ್ತರಾಧಿಕಾರ ಕಾಯ್ದೆಯ 22ನೇ ಕಲಂ, ಕೃಷಿ ಜಮೀನಿಗೂ ಅದು ಅನ್ವಯಿಸುತ್ತದೆ ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ತಮ್ಮನಿಗೆ ಇದನ್ನು ಬೆದರಿಕೆಯ ಹಾಗೆ ಹೇಳದೆ, ಅಣ್ಣ ಅಡಿಕೆ ಮಾರುವ ಕಾಲಕ್ಕೆ ಸರಿಯಾಗಿ ಕಂತಿನಲ್ಲಿ ಕೊಟ್ಟರೆ ನಡೆಯುತ್ತದಾ ಅಂತ ಕೇಳಿದರು. ನಡೆಯುತ್ತದೆ ಅಂದ. ಬೇರೆ ಏನೂ ಜಗಳ ಇರಲಿಲ್ಲ ಅವನದ್ದು.

ಎಲ್ಲಕ್ಕಿಂತ ಹೊತ್ತು ತೆಗೆದುಕೊಂಡದ್ದು ಗುಂಟೆ ಆಣೆಯ ಲೆಕ್ಕ ಅಲ್ಲ, ಹಂಚಲಿಕ್ಕೆ ಬಾರದ ವಸ್ತುಗಳದ್ದು. ಮಲೆನಾಡಿನ ತೋಟ ಗೊತ್ತಿದ್ದವರಿಗೆ ಅರ್ಥ ಆಗುತ್ತದೆ. ನೀರು ಮೇಲಿನಿಂದ ಕೆಳಗೆ ಬರಬೇಕು, ಕಾಲುವೆ ಯಾರ ಭಾಗದಲ್ಲಿ ಹೋಗುತ್ತದೆ? ಅಡಿಕೆ ಒಣಗಿಸುವ ಅಂಗಳ ಒಂದೇ, ಅಟ್ಟ ಒಂದೇ. ಬಾವಿಯ ಪಂಪಿನ ಕರೆಂಟ್ ಬಿಲ್ ಯಾರದ್ದು? ತೋಟಕ್ಕೆ ಇಳಿಯುವ ದಾರಿ ಹಕ್ಕಲಿನ ಮೇಲೇ ಇದೆ, ನಾಳೆ ಹಕ್ಕಲು ನನ್ನ ಹೆಸರಿಗಾಗಿ ನಾನೋ ನನ್ನ ಮಕ್ಕಳೋ ಮಾರಿದರೆ ಅಣ್ಣ ತೋಟಕ್ಕೆ ಹೇಗೆ ಹೋಗಬೇಕು? ಮನೆದೇವರ ಪೂಜೆ, ಅಪ್ಪಯ್ಯನ ವರ್ಷದ ಶ್ರಾದ್ಧದ ಖರ್ಚು? ಬೆಟ್ಟದ ವಿಷಯವೂ ಬಂತು. ನಮ್ಮ ಜಿಲ್ಲೆಯ ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟದ ಸವಲತ್ತು ಬ್ರಿಟಿಷರ ಕಾಲದಿಂದ ಇದೆ. ಆದರೆ ಬೆಟ್ಟ ನಮ್ಮ ಮಾಲ್ಕಿ ಅಲ್ಲ, ಸೊಪ್ಪು, ದರಕು (ಒಣ ಎಲೆ) ತರುವ ಸವಲತ್ತು ಅಷ್ಟೇ, ತೋಟದ ಜೊತೆಗೇ ಹೋಗುವಂಥದ್ದು. ಅದನ್ನು ಬೇರೆಯಾಗಿ ಎಕರೆ ಲೆಕ್ಕದಲ್ಲಿ ಹಂಚಿಕೊಳ್ಳಲಿಕ್ಕೆ ಹೊರಟು ಜಗಳ ಮಾಡಿಕೊಂಡ ಮನೆಗಳು ನನಗೆ ಗೊತ್ತು. ನಮ್ಮ ಒಪ್ಪಂದದಲ್ಲಿ ಬೆಟ್ಟವನ್ನು ತೋಟ ಇಟ್ಟುಕೊಂಡವನೇ ನೋಡಿಕೊಳ್ಳಬೇಕು ಅಂತ ಬರೆದೆವು. ದಾರಿ ಎಷ್ಟು ಅಡಿ ಅಗಲ, ಎಲ್ಲಿಂದ ಎಲ್ಲಿಗೆ, ಅದನ್ನೂ ಬರೆದೆವು. ಆಯಿಗೆ ಮನೆಯಲ್ಲಿ ಇರುವ ಹಕ್ಕು, ಅವಳ ಪಾಲಿನ ಆದಾಯ ಅವಳ ಖಾತೆಗೇ ಹೋಗುವುದು, ಇದನ್ನೂ. ಅತ್ತೆ ನೆಲ ಕೇಳಲಿಲ್ಲ. "ತವರು ಮನೆ ಬಾಗಿಲು ತೆರೆದಿರಲಿ, ನನ್ನನ್ನೂ ಲೆಕ್ಕಕ್ಕೆ ಹಿಡಿದಿರಲ್ಲ, ಅಷ್ಟು ಸಾಕು" ಅಂದರು. ಆದರೂ ಮೇಡಂ ಅದನ್ನು ಹಾಗೇ ಬಿಡಲಿಲ್ಲ. ಪುಕ್ಕಟೆ ಬಿಡುತ್ತೀರಾ, ಹಣ ತೆಗೆದುಕೊಂಡು ಬಿಡುತ್ತೀರಾ, ಯೋಚಿಸಿ ಹೇಳಿ, ಇವತ್ತೇ ಹೇಳಬೇಕಾಗಿಲ್ಲ ಅಂತ ಅವರನ್ನು ಒಬ್ಬರೇ ಕೂರಿಸಿ ಕೇಳಿದರು. ಅತ್ತೆ ಮುಂದಿನ ಸಲ ಬಂದು ಒಂದು ಮೊತ್ತ ಹೇಳಿದರು, ಅಣ್ಣ ಒಪ್ಪಿದ. ಇಲ್ಲೇ ನನಗೆ ಈ ಸೇವೆಯ ಮೇಲೆ ಪೂರ್ತಿ ನಂಬಿಕೆ ಬಂದದ್ದು. ಭಾವುಕರಾಗಿ ಬಿಟ್ಟುಕೊಡುವ ಹೆಂಗಸನ್ನು ನಿಲ್ಲಿಸಿ, ನಿಜವಾಗಿ ನಿನ್ನ ಮನಸ್ಸು ಏನು ಅಂತ ಕೇಳುವವರು ನಮ್ಮಲ್ಲಿ ಎಷ್ಟು ಜನ ಇದ್ದಾರೆ?

ಈಗ ಸರಿ ಇಲ್ಲದ್ದು. ಮಧ್ಯಸ್ಥಿಕೆಗಾರರು ವಕೀಲಿ ಮಾಡುವವರೇ ಆದ್ದರಿಂದ ಅವರಿಗೆ ಬೇರೆ ಕೇಸು ಬಂದರೆ ನಮ್ಮ ದಿನ ಮುಂದೆ ಹೋಗುತ್ತದೆ. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಬಂದು, ಹೊನ್ನಾವರದಿಂದ ಅತ್ತೆಯ ಮಕ್ಕಳೂ ಬಂದು, ಇವತ್ತು ಇಲ್ಲ ಅಂತ ಕೇಳಿದಾಗ ಬೇಜಾರಾಗುತ್ತದೆ. ಮೊದಲೇ ಒಂದು ಫೋನ್ ಮಾಡಿ ಹೇಳುವ ವ್ಯವಸ್ಥೆ ಇರಬೇಕು. ವಯಸ್ಸಾದವರು ಕಾಯಲಿಕ್ಕೆ ಸರಿಯಾದ ಜಾಗ ಇರಲಿಲ್ಲ, ಆಯಿ ವರಾಂಡದ ಬೆಂಚಿನ ತುದಿಯಲ್ಲಿ ಕೂತಿದ್ದಳು.

ಇನ್ನೂ ದೊಡ್ಡ ಕೊರತೆ ಒಪ್ಪಂದದ ಬರವಣಿಗೆಯಲ್ಲಿ ಕಂಡಿತು. ಮೊದಲ ಕರಡಿನಲ್ಲಿ "ತೋಟದ ಕೆಳಗಿನ ಭಾಗ", "ರಸ್ತೆ ಪಕ್ಕದ ಜಾಗ" ಅಂತ ಇತ್ತು. ಮನೆಯವರಿಗೆ ಅರ್ಥ ಆಗುತ್ತದೆ, ಸರ್ವೆಯವರಿಗೆ ಆಗುವುದಿಲ್ಲ. ಒಂದು ಸರ್ವೆ ನಂಬರಿನಲ್ಲಿ ಸ್ವಲ್ಪ ಭಾಗ ಒಬ್ಬರಿಗೆ ಹೋಗಬೇಕಾದರೆ 11ಇ ನಕ್ಷೆ ಬೇಕು, ಅಳೆದು ಗುರುತು ಹಾಕಿದ ಆ ನಕ್ಷೆ ಇಲ್ಲದೆ ಆ ಭಾಗದ ನೋಂದಣಿ ಮುಂದೆ ಹೋಗುವುದಿಲ್ಲ. ನನ್ನ ಪ್ಯಾನೆಲ್ ವಕೀಲರು ಇದನ್ನು ಹಿಡಿದು ತಿದ್ದಿಸಿದರು, ಇಲ್ಲದಿದ್ದರೆ ಒಪ್ಪಂದ ಕಾಗದದಲ್ಲೇ ಉಳಿಯುತ್ತಿತ್ತು. ಅಳತೆಗೆ ಅರ್ಜಿ ಹಾಕಿ ಸರ್ವೆಯರ್ ಬರುವುದನ್ನು ಕಾಯುವುದು, ಅದು ಬಂದ ಮೇಲೆ ಪಾಲುಪಟ್ಟಿ ಮತ್ತು ಅತ್ತೆಯ ಕಡೆಯವರ ಹಕ್ಕು ಬಿಡುಗಡೆ ಪತ್ರ ನೋಂದಣಿ ಮಾಡಿಸುವುದು, ಆಮೇಲೆ ಮ್ಯುಟೇಶನ್ (ಖಾತೆ ಬದಲಾವಣೆ), ಪಹಣಿಯಲ್ಲಿ ಹೆಸರು. ಇವು ಯಾವುದೂ ಈ ಸೇವೆಯಲ್ಲಿ ಸೇರಿಲ್ಲ. ಒಪ್ಪಂದ ಆಯ್ತು ಅಂತ ಮನೆಗೆ ಹೋಗಿ ಮಲಗಬೇಡಿ. ಹಕ್ಕು ಬಿಡುಗಡೆಯನ್ನು ಬಾಂಡ್ ಪೇಪರ್ ಮೇಲೆ ಬರೆದು ನೋಟರಿ ಹಾಕಿಸಿಕೊಂಡು ಕೂತವರನ್ನು ನೋಡಿದ್ದೇನೆ. 1908ರ ನೋಂದಣಿ ಕಾಯ್ದೆ ಪ್ರಕಾರ ಸ್ಥಿರಾಸ್ತಿಯ ಹಕ್ಕು ಬಿಡುವ ಪತ್ರ ನೋಂದಣಿ ಆಗಲೇಬೇಕು.

ಒಪ್ಪಂದವನ್ನು ಲೋಕ ಅದಾಲತ್ ಮುಂದೆ ಇಟ್ಟು ಆದೇಶ ಮಾಡಿಸಿಕೊಳ್ಳಿ, ಇದನ್ನು ಬಿಡಬೇಡಿ. ಆ ಆದೇಶಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ ಬಲ ಇದೆ, ಅದರ ಮೇಲೆ ಅಪೀಲು ಇಲ್ಲ. ಈಗಾಗಲೇ ಕೇಸ್ ನಡೆಯುತ್ತಿದ್ದವರೂ ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಂಡರೆ ಕಟ್ಟಿದ ಕೋರ್ಟ್ ಶುಲ್ಕ ವಾಪಸ್ ಸಿಗುತ್ತದೆ.

ಕೋರ್ಟಿಗೇ ನೇರ ಹೋಗಿದ್ದರೆ ಏನಾಗುತ್ತಿತ್ತು ಅಂತ ಹೇಳಿದರೆ ಹೋಲಿಸಿ ನೋಡಲಿಕ್ಕೆ ಅನುಕೂಲ. ಜಂಟಿ ಸ್ವಾಧೀನದಲ್ಲಿ ಇದ್ದೇವೆ ಅಂತ ಹಾಕುವ ಪಾಲಿನ ದಾವೆಗೆ ಕರ್ನಾಟಕದಲ್ಲಿ ಕೋರ್ಟ್ ಶುಲ್ಕ ಜಾಸ್ತಿ ಇಲ್ಲ, 200 ರೂಪಾಯಿ ಒಳಗೇ. ಅದನ್ನು ಕೇಳಿ "ಇಷ್ಟೇನಾ" ಅಂತ ದಾವೆ ಹಾಕಿಬಿಡುತ್ತಾರೆ. ಖರ್ಚು ಇರುವುದು ಕಾಲದಲ್ಲಿ. ಮೊದಲು ಯಾರಿಗೆ ಎಷ್ಟು ಪಾಲು ಅಂತ ಪ್ರಾಥಮಿಕ ಡಿಕ್ರಿ. ಅದಕ್ಕೆ ಅಪೀಲು. ಮತ್ತೊಂದು ಅಪೀಲಿಗೆ ನಮ್ಮ ಜಿಲ್ಲೆಯವರು ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋಗಬೇಕು. ಅದೆಲ್ಲ ಮುಗಿದ ಮೇಲೆ ನೆಲದ ಮೇಲೆ ಗೆರೆ ಎಳೆಯಲಿಕ್ಕೆ ಅಂತಿಮ ಡಿಕ್ರಿ ಅಂತ ಮತ್ತೆ ಶುರು. ಇದರ ನಡುವೆ ಒಬ್ಬರು ತೀರಿಕೊಂಡರೆ ಅವರ ವಾರಸುದಾರರನ್ನು ಸೇರಿಸಬೇಕು. ತಡೆಯಾಜ್ಞೆ ಇದ್ದರೆ ತೋಟಕ್ಕೆ ಹೊಸ ಸಾಲ ಇಲ್ಲ, ಸಸಿ ಹಾಕುವ ಮನಸ್ಸೂ ಇಲ್ಲ. ನಮ್ಮ ಪಕ್ಕದ ಊರಿನಲ್ಲಿ ಹೀಗೇ ಒಂದು ತೋಟ ಪೂರ್ತಿ ಹಾಳು ಬಿದ್ದಿದೆ, ದಾವೆ ಹಾಕಿದ ಅಣ್ಣತಮ್ಮಂದಿರು ಇಬ್ಬರೂ ಇಲ್ಲ.

ಊರ ಹಿರಿಯರ ಪಂಚಾಯ್ತಿಕೆಯನ್ನೂ ನಾನು ಹಗುರ ಮಾಡುವುದಿಲ್ಲ. ಎಷ್ಟೋ ಮನೆ ಉಳಿದದ್ದು ಅವರಿಂದ. ಆದರೆ ಅಲ್ಲಿ ಹೆಣ್ಣುಮಕ್ಕಳನ್ನು ಕೂರಿಸಿ ಕೇಳುವುದು ಅಪರೂಪ, "ಅರಿಶಿನ ಕುಂಕುಮಕ್ಕೆ ಏನಾದರೂ ಕೊಡಿ" ಅಂತ ಮುಗಿಸುತ್ತಾರೆ. ಬರೆದುಕೊಟ್ಟ ಕಾಗದಕ್ಕೂ ಕಾನೂನಿನ ಬಲ ಇರುವುದಿಲ್ಲ.

ಕರಾವಳಿಯವರಿಗೆ ಒಂದು ಮಾತು, ಯಾಕೆಂದರೆ ನಾನೀಗ ಇರುವುದು ಇಲ್ಲೇ. ಕಾರವಾರ ಅಂಕೋಲಾ ಕಡೆ ನೌಕಾನೆಲೆಗೆ ಜಮೀನು ಕೊಟ್ಟವರು, ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣದಲ್ಲಿ ಅಂಗಳ ಕಳಕೊಂಡವರು, ಇವರಲ್ಲಿ ಪರಿಹಾರದ ಹಣಕ್ಕೇ ಜಗಳ. ಪಹಣಿ ಸತ್ತವರ ಹೆಸರಲ್ಲಿ, ವಾರಸುದಾರರು ಮುಂಬೈ ಗೋವಾದಲ್ಲೆಲ್ಲ. ಹೆದ್ದಾರಿ ಕಾಯ್ದೆ ಪ್ರಕಾರ ಪರಿಹಾರ ಹಂಚಿಕೆಗೆ ತಕರಾರು ಬಂದರೆ ಅಧಿಕಾರಿ ಅದನ್ನು ಸಿವಿಲ್ ಕೋರ್ಟಿಗೆ ಕಳಿಸಬೇಕು, ಅಲ್ಲಿವರೆಗೆ ದುಡ್ಡು ಯಾರಿಗೂ ಇಲ್ಲ. ಇಂಥ ತಕರಾರಿಗೆ ಮಧ್ಯಸ್ಥಿಕೆ ತೋಟದ ಹಿಸ್ಸೆಗಿಂತ ಸುಲಭ, ಹಂಚುವುದು ಬರೀ ಹಣ, ದಾರಿ ಬಾವಿಯ ಪ್ರಶ್ನೆ ಇಲ್ಲ. ಗೇಣಿ ಜಮೀನಿನದ್ದು ಇನ್ನೊಂದು ಬಗೆ. ಗೇಣಿದಾರರಿಗೇ ಜಮೀನು ಕೊಡುವ 1974ರ ಭೂಸುಧಾರಣೆ ತಿದ್ದುಪಡಿ ಬಂದಾಗ ಮನೆಯ ಹಿರಿಯಣ್ಣನ ಹೆಸರಲ್ಲಿ ಡಿಕ್ಲರೇಷನ್ ಕೊಟ್ಟು ಟ್ರಿಬ್ಯೂನಲ್ ಆದೇಶ ಅವನ ಹೆಸರಿಗೇ ಆಗಿದೆ, ಈಗ ಅವನ ಮಕ್ಕಳು ನಮ್ಮದೇ ಅನ್ನುತ್ತಾರೆ. ಮನೆಯವರೆಲ್ಲರ ಪರವಾಗಿ ಮಾಡಿದ ಗೇಣಿ ಅಂತ ತೋರಿಸಿದರೆ ಉಳಿದವರಿಗೂ ಪಾಲು ಉಂಟು, ಹಾಗಾಗಿ ಹಳೆ ಗೇಣಿ ಚೀಟಿ, ಟ್ರಿಬ್ಯೂನಲ್ ಆದೇಶದ ನಕಲು ಹುಡುಕಿ ಇಟ್ಟುಕೊಳ್ಳಿ. ಅರಣ್ಯ ಹಕ್ಕು ಕಾಯ್ದೆಯಲ್ಲಿ ಹಕ್ಕುಪತ್ರ ಸಿಕ್ಕ ಜಾಗವಾದರೆ ಅದು ಮಕ್ಕಳಿಗೆ ವಾರಸಾಗಿ ಬರುತ್ತದೆ, ಆದರೆ ಮಾರುವಂತಿಲ್ಲ. ಮಾರಿ ದುಡ್ಡು ಹಂಚುತ್ತೇವೆ ಅನ್ನುವ ಒಪ್ಪಂದ ಅಲ್ಲಿ ಆಗುವುದಿಲ್ಲ. ಮತ್ತೆ ನಾನು ಮೇಲೆ ಹೇಳಿದ ಪಾಲಿನ ಲೆಕ್ಕ ಹಿಂದೂಗಳದ್ದು. ಮುಸ್ಲಿಮರಿಗೆ, ಕ್ರಿಶ್ಚಿಯನ್ನರಿಗೆ ಲೆಕ್ಕ ಬೇರೆ, ಸೇವೆ ಮಾತ್ರ ಎಲ್ಲರಿಗೂ ಒಂದೇ.

ಯಾರಿಗೆ ಇದು ಆಗಿಬರುವುದಿಲ್ಲ? ಮೃತ್ಯುಪತ್ರವೇ ಸುಳ್ಳು, ಸಹಿ ಖೋಟಾ ಅಂತ ತಕರಾರು ಇದ್ದರೆ ಸಾಕ್ಷಿ ವಿಚಾರಣೆ ಬೇಕಾಗುತ್ತದೆ, ಅದು ಕೋರ್ಟಿನ ಕೆಲಸ. ಒಬ್ಬ ವಾರಸುದಾರ ಆಗಲೇ ಜಮೀನು ಹೊರಗಿನವರಿಗೆ ಮಾರುತ್ತಿದ್ದರೆ ಮೊದಲು ತಡೆಯಾಜ್ಞೆ ತನ್ನಿ, ಮಾತುಕತೆ ಆಮೇಲೆ. ಕರೆದರೂ ಬಾರದವರನ್ನು ಎಳೆದು ತರಲಿಕ್ಕೆ ಇವರಿಗೆ ಅಧಿಕಾರ ಇಲ್ಲ. ಹೊಡೆತ ಬಡಿತ, ಹೆದರಿಕೆ ಇರುವ ಮನೆಯಿಂದ ಬಂದ ಹೆಣ್ಣುಮಗಳಿಗೆ ಎಲ್ಲರ ಜೊತೆ ಒಂದೇ ಮೇಜಿನಲ್ಲಿ ಕೂರಿ ಅಂತ ನಾನು ಹೇಳಲಾರೆ. ಅಂಥವರು ಅಲ್ಲಿಯ ಉಚಿತ ವಕೀಲರನ್ನು ಕೇಳಿ ನೇರ ದಾವೆಗೇ ಹೋಗಿ.

ನಮ್ಮದು ಈಗ ಎಲ್ಲಿಗೆ ಬಂತು ಅಂದರೆ, ಪಾಲುಪಟ್ಟಿ ನೋಂದಣಿ ಆಗಿದೆ. ತೋಟ ಅಣ್ಣನದ್ದು ಮತ್ತು ಆಯಿಯದ್ದು. ಹಕ್ಕಲಿನಲ್ಲಿ ದಾರಿ ಬಿಟ್ಟು ಉಳಿದದ್ದು ನನ್ನ ಹೆಸರಿಗೆ. ತಮ್ಮನಿಗೆ ಮೊದಲ ಕಂತು ಹೋಗಿದೆ.

ನನ್ನ ಲೆಕ್ಕದಲ್ಲಿ 5ಕ್ಕೆ 4. ಒಂದು ಕಡಿಮೆ ಮಾಡಿದ್ದು ಮುಂದೆ ಹೋಗುವ ದಿನಗಳಿಗೆ ಮತ್ತು ಸರ್ವೆ ಖಾತೆಯವರೆಗೆ ಕೈ ಹಿಡಿದು ನಡೆಸುವವರು ಇಲ್ಲ ಅನ್ನುವುದಕ್ಕೆ. ಹೋಗುವವರು ಪಹಣಿ, ಹಳೆ ಮ್ಯುಟೇಶನ್ ನಕಲು, ಮರಣ ಪ್ರಮಾಣ ಪತ್ರ, ಎಲ್ಲ ಹೆಣ್ಣುಮಕ್ಕಳ ಹೆಸರೂ ಇರುವ ವಂಶವೃಕ್ಷ, ಸೊಸೈಟಿ ಮತ್ತು ಬ್ಯಾಂಕ್ ಸಾಲದ ಬಾಕಿ ಪತ್ರ ತೆಗೆದುಕೊಂಡೇ ಹೋಗಿ. ಸಾಲದ ಬಾಕಿ ಪತ್ರ ಮರೆಯಬೇಡಿ, ಎಷ್ಟೋ ಮಾತುಕತೆ ಮುರಿಯುವುದು ಕೊನೆಗೆ ಹೊರಬಂದ ಸಾಲದಿಂದ. ಎಲ್ಲಿ ಹೋಗಬೇಕು ಅಂತ ಗೊತ್ತಾಗದಿದ್ದರೆ 15100ಕ್ಕೆ ಫೋನ್ ಮಾಡಿ, ಅದು ಕಾನೂನು ಸೇವೆಯ ಸಹಾಯವಾಣಿ, ನಿಮ್ಮ ತಾಲ್ಲೂಕಿನ ಸಮಿತಿ ಎಲ್ಲಿದೆ ಅಂತ ಅಲ್ಲಿ ಕೇಳಬಹುದು.